ತಾರಸಿಯ ಮೇಲೆ ಎರಡಿಂಚು ನೀರು

ಮೋಲ್ಡ್ ಹಾಕಿದ ಮರುದಿನ ಬೆಳಿಗ್ಗೆ ತಾರಸಿ ಹತ್ತಿ ನೋಡಿದರೆ ಗದ್ದೆಯ ನೆನಪಾಗುತ್ತದೆ. ಗಾರೆಯಲ್ಲಿ ಸಣ್ಣ ಬದು ಎಬ್ಬಿಸಿ, ಪಾತಿ ಪಾತಿ ಮಾಡಿ, ಎರಡಿಂಚು ನೀರು ನಿಲ್ಲಿಸಿರುತ್ತಾರೆ. ನೀರಿನಲ್ಲಿ ಆಕಾಶದ ತುಂಡು, ಕಂಬದಿಂದ ಮೇಲೆದ್ದ ಕಬ್ಬಿಣದ ಸರಳುಗಳ ನೆರಳು, ತೇಲುವ ಒಂದೆರಡು ಗುಟ್ಕಾ ಚೀಟಿ. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕೂಲಿಯವರ ಕಣ್ಣಿಗೆ ಅದು ನಾಟಿಗೆ ಸಿದ್ಧವಾದ ಮಡಿ. ಬಿಳಿ ಹೆಲ್ಮೆಟ್ ಹಾಕಿಕೊಂಡ ಸೈಟ್ ಮ್ಯಾನೇಜರ್ ಕಣ್ಣಿಗೆ ಮೂರು ತಲೆನೋವು.

ಮೊದಲನೆಯದು, ಆ ನೀರು ಬತ್ತಬಾರದು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನ ಜೊತೆ ಕೂಡಿ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಯಂಥ ಸಿಮೆಂಟಿಗೆ ಕನಿಷ್ಠ 10 ದಿನ ಹಸಿ ಆರಬಾರದು. ಎರಡನೆಯದು, ಆ ನೀರು ಅಲ್ಲಾಡದೆ ನಿಲ್ಲಲೂಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಮರಿಯಾಗಿ ರೆಕ್ಕೆ ಬಿಚ್ಚಲು ಒಂದು ವಾರ, ಹತ್ತು ದಿನ ಸಾಕು; ಕ್ಯೂರಿಂಗ್ ಅವಧಿಗೂ ಸೊಳ್ಳೆಯ ಬಾಲ್ಯಕ್ಕೂ ಇರುವ ಈ ಹೊಂದಾಣಿಕೆಯನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದಾಗ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ಪಟ್ಟಿಯಲ್ಲಿ ನಿರ್ಮಾಣದ ಜಾಗಗಳೂ ಸೇರಿದ್ದವು. ಮೂರನೆಯದು, ಆ ನೀರು ಎಲ್ಲಿಯದು ಎಂಬ ಪ್ರಶ್ನೆ. ಅದೇ ವರ್ಷ ಮಾರ್ಚ್‌ನಲ್ಲಿ, ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಟ್ಯಾಂಕರ್‌ಗೆ ಜನ ಸಾಲುಗಟ್ಟಿದ್ದಾಗ, ಕುಡಿಯುವ ನೀರನ್ನು ಕಟ್ಟಡಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು.

ಸುರಕ್ಷತೆ, ಆರೋಗ್ಯ, ಪರಿಸರ. ತರಬೇತಿ ಕೊಠಡಿಯಲ್ಲಿ ಇವು ಮೂರು ಅಧ್ಯಾಯ, ಮೂರು ಬೇರೆ ಬೇರೆ ಸ್ಲೈಡು. ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಉದ್ಯಮ ಇದನ್ನು ‘ಎಚ್‌ಎಸ್‌ಇ’ ಎಂದು ಕರೆಯುತ್ತದೆ. ಸೈಟಿನಲ್ಲಿ ಮೂರೂ ಒಂದೇ ಪಾತಿಯಲ್ಲಿ ನಿಂತಿರುತ್ತವೆ.

ಇಷ್ಟರಲ್ಲಿ ಮ್ಯಾನೇಜರ್ ಫೋನ್ ರಿಂಗಾಗುತ್ತದೆ.

‘ಏನ್ರೀ ಇಂಜಿನಿಯರ್ರೇ, ಮುಂದಿನ ಮೋಲ್ಡ್ ಯಾವತ್ತು?’

‘ಇನ್ನೂ ಸೆಂಟ್ರಿಂಗ್ ಬಿಚ್ಚೋಕಾಗಲ್ಲ ಸಾರ್.’

‘ಪಕ್ಕದ ಬಿಲ್ಡಿಂಗ್‌ನವರು ಏಳೇ ದಿನಕ್ಕೆ ಬಿಚ್ಚಿದ್ರಂತಲ್ಲ?’

ಕರ್ನಾಟಕದ ಯಾವ ಸೈಟಿನಲ್ಲೂ ಕೇಳಿಸಬಹುದಾದ ಮಾತುಕತೆ ಇದು. ಹಿಂದಿನ ಲೆಕ್ಕವೂ ಸರಳ. ಸೆಂಟ್ರಿಂಗ್ ತಗಡು, ಜಾಕಿಗಳು ದಿನದ ಬಾಡಿಗೆಯ ಮೇಲೆ ಬಂದಿರುತ್ತವೆ. ಕೆಳಗಿನ ಅಂತಸ್ತಿನದನ್ನು ಬಿಚ್ಚಿದರಷ್ಟೇ ಮೇಲಿನ ಅಂತಸ್ತಿಗೆ ಹೂಡಲು ಸಾಮಾನು. ಹಾಗಾಗಿ ಕಾಂಕ್ರೀಟು ಬಲ ಕೂಡಿಸಿಕೊಳ್ಳುವ ಪ್ರತಿ ದಿನಕ್ಕೂ ಯಾರೋ ಒಬ್ಬರು ದುಡ್ಡು ಕಟ್ಟುತ್ತಿರುತ್ತಾರೆ. ಅದೇ ಐಎಸ್ 456 ಇಲ್ಲಿಯೂ ಅಂಕಿ ಕೊಟ್ಟಿದೆ: ನಾಲ್ಕೂವರೆ ಮೀಟರ್‌ವರೆಗಿನ ಹರವಿನ ಸ್ಲ್ಯಾಬಿನ ಕೆಳಗಿನ ಆಸರೆಯನ್ನು 7 ದಿನದ ಮೊದಲು ತೆಗೆಯಬಾರದು, ಅದಕ್ಕಿಂತ ದೊಡ್ಡದಕ್ಕೆ 14 ದಿನ, ಆರು ಮೀಟರ್ ಮೀರಿದ ತೊಲೆಗೆ 21 ದಿನ. ಇದೂ ಸಾದಾ ಸಿಮೆಂಟಿಗೆ, ಹವೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಮಾತ್ರ. ಪಕ್ಕದ ಕಟ್ಟಡದವರ ಏಳು ದಿನ ಅವರ ಪುಟ್ಟ ಕೋಣೆಗೆ ಸರಿಯಿದ್ದಿರಬಹುದು, ಇವರ ಹಾಲ್‌ಗೆ ಸರಿಯಲ್ಲ. ಫೋನಿನಲ್ಲಿ ಇದನ್ನು ಎರಡು ವಾಕ್ಯದಲ್ಲಿ ಹೇಳಿ, ಹೇಳಿದ ಮಾತಿಗೆ ನಿಲ್ಲುವುದು ಸೈಟ್ ಮ್ಯಾನೇಜರ್ ತರಬೇತಿಯ ನಿಜವಾದ ವಿಷಯ. ಹೆಲ್ಮೆಟ್ಟಿನ ಬೆಲ್ಟು ಹೇಗೆ ಬಿಗಿಯಬೇಕು ಎಂಬುದನ್ನು ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ.

ಒಂದು ದಿನದ ಅವಸರ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ವಿಲ್ಲೋ ಐಲ್ಯಾಂಡ್ ಕಡೆ ನೋಡಬೇಕು. ಅಲ್ಲಿ ವಿದ್ಯುತ್ ಸ್ಥಾವರದ ಕೂಲಿಂಗ್ ಟವರ್ ಏಳುತ್ತಿತ್ತು. ದಿನಕ್ಕೊಂದು ವರಸೆ ಕಾಂಕ್ರೀಟು. ಆಳುಗಳು ನಿಲ್ಲುವ ಸಾರ್ವೆಯನ್ನು ನೆಲದಿಂದ ಎಬ್ಬಿಸದೆ, ಹಾಕಿದ ಕಾಂಕ್ರೀಟಿಗೇ ಬೋಲ್ಟ್ ಬಿಗಿದು ಮೇಲೇರಿಸುತ್ತ ಹೋಗುತ್ತಿದ್ದರು. 1978ರ ಏಪ್ರಿಲ್ 27ರಂದು ಆ ಸಾರ್ವೆ ಗೋಪುರದ ಸುತ್ತ ಸುರುಳಿ ಬಿಚ್ಚಿದಂತೆ ಕಳಚಿ ಬಿತ್ತು. ಮೇಲಿದ್ದ 51 ಮಂದಿಯೂ ಸತ್ತರು. ಹಿಂದಿನ ದಿನ ಹಾಕಿದ ವರಸೆ ರಾತ್ರಿಯ ಚಳಿಯಲ್ಲಿ ಸಾಕಷ್ಟು ಬಲ ಪಡೆದಿರಲೇ ಇಲ್ಲ ಎಂದು ಸರ್ಕಾರಿ ತನಿಖೆ ಹೇಳಿತು. ಆ ದಿನ ಅಲ್ಲಿ ಯಾರೂ ಹೊಸ ಮೂರ್ಖತನವನ್ನೇನೂ ಮಾಡಿರಲಿಲ್ಲ. ನಿನ್ನೆ, ಮೊನ್ನೆ ಮಾಡಿದ್ದನ್ನೇ ಮಾಡಿದ್ದರು. ಕಾಂಕ್ರೀಟು ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿ ‘ಇವತ್ತು ಬೇಡ’ ಎನ್ನುವವರು ಯಾರೂ ಇರಲಿಲ್ಲ.

ಹಾಗೆ ಹೇಳಬೇಕಾದ ಮನುಷ್ಯನನ್ನು ತಯಾರು ಮಾಡಲು ಬ್ರಿಟನ್ನಿನಲ್ಲಿ ಐದು ದಿನದ ಕೋರ್ಸ್ ಇದೆ. ಅಲ್ಲಿನ ನಿರ್ಮಾಣ ಉದ್ಯಮದ ತರಬೇತಿ ಮಂಡಳಿ ನಡೆಸುವ ಇದನ್ನು ‘ಎಸ್‌ಎಂಎಸ್‌ಟಿಎಸ್’ ಎನ್ನುತ್ತಾರೆ. ಸರ್ಟಿಫಿಕೇಟು ಐದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಮತ್ತೆ ಎರಡು ದಿನ ಬೆಂಚಿನ ಮೇಲೆ ಕೂರಬೇಕು. ಮ್ಯಾನೇಜರನ ಕೆಳಗಿನ ಸೂಪರ್‌ವೈಸರುಗಳಿಗೆ ಪ್ರತ್ಯೇಕವಾಗಿ ಎರಡು ದಿನದ ಪಾಠ. ಮುಖ್ಯವಾದ ಸಂಗತಿ ಏನೆಂದರೆ, ಈ ಐದು ದಿನದ ಪಾಠ ಇರುವುದು ಸುರಕ್ಷತಾ ಅಧಿಕಾರಿಗಲ್ಲ, ಕೆಲಸ ನಡೆಸುವವನಿಗೆ. ಇಷ್ಟಿದ್ದೂ ಬ್ರಿಟನ್ ನಿಶ್ಚಿಂತವಾಗಿಲ್ಲ: 2023-24ರಲ್ಲಿ ಅಲ್ಲಿ ಕೆಲಸದ ಜಾಗದಲ್ಲಿ ಸತ್ತ 138 ಮಂದಿಯಲ್ಲಿ 51 ಮಂದಿ ನಿರ್ಮಾಣ ಕಾರ್ಮಿಕರು.

ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ಮಂಗಳೂರಿನಂಥ ಊರಿನಲ್ಲಿ ‘ಫೈರ್ ಅಂಡ್ ಸೇಫ್ಟಿ’ ಡಿಪ್ಲೊಮಾದ ಬೋರ್ಡುಗಳಿಗೆ ಕೊರತೆಯಿಲ್ಲ. ಕರಾವಳಿಯ ಹುಡುಗರು ಬ್ರಿಟನ್ನಿನ ‘ನೆಬಾಷ್’ ಸರ್ಟಿಫಿಕೇಟು ಹಿಡಿದು ಗಲ್ಫ್ ವಿಮಾನ ಹತ್ತುತ್ತಾರೆ. ಊರಲ್ಲೇ ಉಳಿದವರು ಕಂಪನಿಗಳಲ್ಲಿ ಸೇಫ್ಟಿ ಆಫೀಸರ್ ಆಗುತ್ತಾರೆ. ಅವರು ಹಸಿರು ಹೆಲ್ಮೆಟ್ ಹಾಕಿಕೊಂಡು ಸೈಟ್ ಸುತ್ತಿ, ಫೋಟೊ ತೆಗೆದು, ವರದಿ ಬರೆಯುತ್ತಾರೆ. ಕೆಲಸ ಎಂದು ಶುರು, ಯಾವ ಗ್ಯಾಂಗು ಯಾವ ಅಂತಸ್ತಿಗೆ, ಕ್ರೇನ್ ಮೊದಲು ಎಲ್ಲಿಗೆ ಎಂದು ತೀರ್ಮಾನಿಸುವವರು ಮಾತ್ರ ಪ್ರಾಜೆಕ್ಟ್ ಮ್ಯಾನೇಜರು. ತರಬೇತಿಗೆ ಹೋಗಲು ಅವರಿಗೆ ಪುರುಸೊತ್ತಿಲ್ಲ, ಹಸಿರು ಹೆಲ್ಮೆಟ್ಟಿನವರನ್ನೇ ಕಳಿಸುತ್ತಾರೆ. ಔಷಧದ ಚೀಟಿ ಒಬ್ಬರ ಹೆಸರಿಗೆ, ಗುಳಿಗೆ ನುಂಗುವವರು ಇನ್ನೊಬ್ಬರು.

ಕಾನೂನು ಕೂಡ ದೊಡ್ಡ ಸೈಟುಗಳನ್ನೇ ಎದುರಿಗಿಟ್ಟುಕೊಂಡು ಬರೆದದ್ದು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಸುರಕ್ಷತಾ ಅಧಿಕಾರಿ ಕಡ್ಡಾಯವಿದ್ದದ್ದು 500 ಮಂದಿ ದುಡಿಯುವಲ್ಲಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಅದನ್ನು 250ಕ್ಕೆ ಇಳಿಸಿದೆ. ಹೆಬ್ಬಾಳದ ಗಾಜಿನ ಗೋಪುರಗಳಿಗೆ ಇದು ಅನ್ವಯ. ಕೆಂಗೇರಿಯ ಒಳರಸ್ತೆಯಲ್ಲಿ ಹನ್ನೆರಡು ಜನ ಕಟ್ಟುತ್ತಿರುವ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಲ್ಲಿ ಸೈಟ್ ಮ್ಯಾನೇಜರು, ಸೇಫ್ಟಿ ಆಫೀಸರು, ಪರಿಸರ ಅಧಿಕಾರಿ ಎಲ್ಲವೂ ಮೇಸ್ತ್ರಿಯೇ.

ದೊಡ್ಡವರೇನೂ ತಪ್ಪಿಸಿಕೊಂಡಿಲ್ಲ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಪಂಜರ ರಸ್ತೆಯ ಮೇಲೆ ಮಗುಚಿ ಬಿತ್ತು. ಬೈಕಿನಲ್ಲಿ ಹೋಗುತ್ತಿದ್ದ ಕುಟುಂಬದ ತಾಯಿ, ಪುಟ್ಟ ಮಗ ಸತ್ತರು. ಅದು ಇನ್ನೂ ಕಂಬವಾಗಿರಲಿಲ್ಲ, ಕಾಂಕ್ರೀಟು ಬಿದ್ದಿರಲಿಲ್ಲ. ನಕ್ಷೆಯಲ್ಲಿ ಮುಗಿದ ಕಂಬದ ಲೆಕ್ಕ ಚಾಚೂ ತಪ್ಪದೆ ಇರುತ್ತದೆ. ಅದು ಕಂಬವಾಗುವ ತನಕ ನಿಂತಿರಬೇಕಾದ ಪಂಜರ, ಅದನ್ನು ಹಿಡಿದ ಹಗ್ಗ, ಜಾಕಿ, ಸಾರ್ವೆ, ಪಾಯದ ತಡೆಗೋಡೆಗಳಿಗೆ ಲೆಕ್ಕ ಮಾಡುವವರು ಯಾರು? ಬ್ರಿಟನ್ನಿನಲ್ಲಿ ಇದಕ್ಕೆಂದೇ ಬಿಎಸ್ 5975 ಎಂಬ ಸಂಹಿತೆಯಿದೆ, ಈ ತಾತ್ಕಾಲಿಕ ಕಟ್ಟಣೆಗಳ ಹೊಣೆಯನ್ನು ಒಬ್ಬರ ಹೆಸರಿಗೆ ಬರೆಯಬೇಕು ಎಂಬ ಪದ್ಧತಿಯಿದೆ. ನಮ್ಮಲ್ಲಿ ಬಹುತೇಕ ಕಡೆ ಅದು ಸೆಂಟ್ರಿಂಗ್ ಕಂಟ್ರಾಕ್ಟರನ ಅಂದಾಜು. ಕಟ್ಟಡ ಕುಸಿದ ಸುದ್ದಿಗಳನ್ನು ಸಾಲಾಗಿ ಇಟ್ಟು ನೋಡಿ: ಬೆಂಗಳೂರಿನಲ್ಲಿ 1983ರ ಸೆಪ್ಟೆಂಬರ್ 12ರಂದು 123 ಜನರನ್ನು ಬಲಿ ತೆಗೆದುಕೊಂಡ ಗಂಗಾರಾಂ ಕಟ್ಟಡ, 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದದ್ದು, 2024ರ ಅಕ್ಟೋಬರ್ 22ರ ಮಳೆಯಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕುಸಿದದ್ದು. ಮೂರೂ ಇನ್ನೂ ಕಟ್ಟುತ್ತಿದ್ದ ಕಟ್ಟಡಗಳೇ. ಬಾಬುಸಾಪಾಳ್ಯದಲ್ಲಿ ಪರವಾನಗಿ ಮೀರಿ ಅಂತಸ್ತು ಏರಿಸಲಾಗಿತ್ತು ಎಂದು ಪಾಲಿಕೆ ಹೇಳಿತು. ಹೆಚ್ಚುವರಿ ಅಂತಸ್ತಿಗೆ ಮೋಲ್ಡ್ ಹಾಕಿಸಿ ಎಂಬ ಫೋನು ಬಂದಾಗ ಸೈಟಿನಲ್ಲಿ ನಿಂತವರು ಏನು ಮಾಡಬೇಕು ಎಂಬುದಕ್ಕೆ ಯಾವ ಸ್ಲೈಡಿನಲ್ಲೂ ಉತ್ತರವಿಲ್ಲ.

ಎತ್ತರದಿಂದ ಬೀಳುವುದು ಈ ಉದ್ಯಮದ ಅತಿ ಹಳೆಯ ಸಾವು. ಸೊಂಟಕ್ಕೆ ಬೆಲ್ಟು ಕೊಟ್ಟರೆ ಕೆಲಸ ಮುಗಿಯಿತು ಎಂಬುದು ರೂಢಿ. ಬೆಲ್ಟಿನ ಕೊಕ್ಕೆಯನ್ನು ಎಲ್ಲಿಗೆ ಸಿಕ್ಕಿಸಬೇಕು ಎಂದು ಕೇಳಿದರೆ ಹೆಚ್ಚಿನ ಸೈಟುಗಳಲ್ಲಿ ಮೌನ. ತರಬೇತಿಯಲ್ಲಿ ಮೆಟ್ಟಿಲಿನ ಲೆಕ್ಕವೊಂದನ್ನು ಹೇಳಿಕೊಡುತ್ತಾರೆ: ಮೊದಲು ಅಪಾಯವನ್ನೇ ಇಲ್ಲವಾಗಿಸಲು ನೋಡು, ಆಗದಿದ್ದರೆ ಬೇರೆ ವಿಧಾನ ಹುಡುಕು, ಅದೂ ಆಗದಿದ್ದರೆ ಕಟಕಟೆ, ಬಲೆಯಂಥ ಅಡ್ಡಿ ಕಟ್ಟು, ಆಮೇಲೆ ನಿಯಮ, ಸೂಚನಾಫಲಕ, ಬೆಲ್ಟು, ಹೆಲ್ಮೆಟ್ಟು ಎಲ್ಲಕ್ಕಿಂತ ಕೊನೆಗೆ. ನಾವು ಶುರು ಮಾಡುವುದೇ ಕೊನೆಯ ಮೆಟ್ಟಿಲಿನಿಂದ.

ಸ್ಯಾನ್‌ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ 1,30,000 ಡಾಲರಿಗೂ ಹೆಚ್ಚು ಖರ್ಚು ಮಾಡಿ ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದ್ದರು. ಆ ಕಾಲಕ್ಕೆ ಅದು ದುಂದು ಅನ್ನಿಸುವಂಥ ಮೊತ್ತ. ಬಲೆಗೆ ಬಿದ್ದು ಬದುಕಿದ 19 ಮಂದಿ ಸೇರಿ ‘ನರಕದ ಅರ್ಧ ದಾರಿಯ ಸಂಘ’ ಎಂದು ತಮ್ಮನ್ನು ಕರೆದುಕೊಂಡರು. ಆದರೆ 1937ರ ಫೆಬ್ರುವರಿ 17ರಂದು ಐದು ಟನ್ ತೂಕದ ಅಟ್ಟಣಿಗೆಯೊಂದು ಆಳುಗಳ ಸಮೇತ ಕಳಚಿ ಬಿದ್ದಾಗ ಬಲೆ ಹರಿಯಿತು, 10 ಮಂದಿ ನೀರುಪಾಲಾದರು. ಮನುಷ್ಯರ ತೂಕಕ್ಕೆ ಹೆಣೆದ ಬಲೆ ಅದು. ಹತ್ತೊಂಬತ್ತರ ಕಥೆ ಹೇಳುವ ತರಬೇತುದಾರರು ಹತ್ತರ ಕಥೆಯನ್ನೂ ಹೇಳಬೇಕು. ಕಟಕಟೆ ಹಾಕಿದ ಮೇಲೆ ಅಟ್ಟಣಿಗೆಯ ಕ್ಲಾಂಪು ನೋಡುವುದನ್ನು ಬಿಡುವ ಮ್ಯಾನೇಜರುಗಳಿಗೆ ಬೇಕಾದದ್ದು ಎರಡನೆಯದೇ.

ಸಣ್ಣ ಸೈಟಿಗೆ ಬಲೆ ಎಲ್ಲಿಂದ ಬರಬೇಕು ಎಂದರೆ, ಅಲ್ಲಿನ ಸಾವಿಗೆ ಅಷ್ಟು ಎತ್ತರವೂ ಬೇಕಿಲ್ಲ. ಲಿಫ್ಟಿಗೆ, ಪೈಪಿಗೆ ಎಂದು ಸ್ಲ್ಯಾಬಿನಲ್ಲಿ ಬಿಟ್ಟ ಕಿಂಡಿಗೆ ಪ್ಲೈವುಡ್ ತುಂಡೊಂದನ್ನು ಮುಚ್ಚಿರುತ್ತಾರೆ. ಮೊಳೆ ಹೊಡೆದಿರುವುದಿಲ್ಲ, ಗುರುತು ಹಾಕಿರುವುದಿಲ್ಲ. ಮಧ್ಯಾಹ್ನ ಬಂದ ಇನ್ನೊಂದು ಗ್ಯಾಂಗಿನ ಬಡಗಿ ‘ಒಳ್ಳೇ ಹಲಗೆ ಸುಮ್ಮನೆ ಬಿದ್ದಿದೆ’ ಎಂದು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಾನೆ. ಎದೆಗೆ ಅಡ್ಡ ಹಲಗೆ, ಕಾಲಡಿ ಕಾಣುವುದಿಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ತಾನು ತೆರೆದ ಕಿಂಡಿಯೊಳಕ್ಕೆ ತಾನೇ. ಜಗತ್ತಿನ ಎಲ್ಲ ಸೈಟುಗಳಿಗೂ ಪರಿಚಿತವಾದ ಈ ಬೀಳುವಿಕೆಯನ್ನು ತಡೆಯಲು ಬೇಕಾದದ್ದು ನಾಲ್ಕು ಮೊಳೆ, ಒಂದಿಷ್ಟು ಕೆಂಪು ಬಣ್ಣ.

ಮಣ್ಣಿನ ವಿಚಾರ ಇನ್ನೂ ಮೋಸದ್ದು, ಏಕೆಂದರೆ ಮಣ್ಣಿಗೆ ಯಾರೂ ಹೆದರುವುದಿಲ್ಲ. ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು ಒಂದೂವರೆ ಟನ್, ಅಂದರೆ ಒಂದು ಕಾರಿನಷ್ಟು; ನೆನೆದರೆ ಇನ್ನೂ ಹೆಚ್ಚು. ಎದೆಮಟ್ಟ ಹೂತವರಿಗೆ ಮುಖ ಹೊರಗಿದ್ದರೂ ಪಕ್ಕೆಲುಬು ಅರಳಿಸಿ ಉಸಿರೆಳೆಯಲು ಆಗುವುದಿಲ್ಲ. ಅಮೆರಿಕದ ನಿಯಮದಲ್ಲಿ ಐದಡಿ ಆಳದ ಗುಂಡಿಗೇ ಆಸರೆ ಬೇಕು. 2024ರ ಜುಲೈ ಮಳೆಯಲ್ಲಿ ಮಂಗಳೂರಿನ ಬಲ್ಮಠದ ಬಳಿ ಕಟ್ಟಡದ ಸೈಟಿನಲ್ಲಿ ಧರೆ ಜರಿದು ಇಬ್ಬರು ಸಿಕ್ಕಿಕೊಂಡರು. ಒಬ್ಬರನ್ನು ಜೀವಂತ ಎಳೆದರು, ಇನ್ನೊಬ್ಬರನ್ನು ಉಳಿಸಿಕೊಳ್ಳಲಾಗಲಿಲ್ಲ. ಅಗೆದ ಮಣ್ಣನ್ನು ಗುಂಡಿಯ ಅಂಚಿಗೇ ಸುರಿಯಬೇಡಿ, ಜೆಸಿಬಿಯನ್ನು ಅಂಚಿಗೆ ತರಬೇಡಿ, ಮಳೆ ಬಿದ್ದ ಮರುದಿನ ಇಳಿಯುವ ಮೊದಲು ಬಿರುಕು ಹುಡುಕಿ: ಪಾಠ ಇಷ್ಟೇ. ಅದನ್ನು ಪಾಲಿಸುವ ದಿನ ಮಾತ್ರ ಅರ್ಧ ದಿನದ ಕೂಲಿ ಸುಮ್ಮನೆ ಕೊಡಬೇಕಾಗುತ್ತದೆ.

ಈ ಪಾಠಗಳು ಆಳಿನ ಕಿವಿಗೆ ತಲುಪುವ ದಾರಿ ‘ಟೂಲ್‌ಬಾಕ್ಸ್ ಟಾಕ್’. ಕೆಲಸಕ್ಕೆ ಮೊದಲು ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ ಅಂದಿನ ಅಪಾಯ ಹೇಳುವುದು. ಬೆಂಗಳೂರಿನ ದೊಡ್ಡ ಸೈಟಿನಲ್ಲಿ ಬೆಳಿಗ್ಗೆ ಎಂಟಕ್ಕೆ ನಿಂತ ಸಾಲನ್ನು ಊಹಿಸಿಕೊಳ್ಳಿ: ಬಿಹಾರದ ಬಾರ್ ಬೆಂಡರುಗಳು, ಬಂಗಾಳದ ಶಟರಿಂಗ್ ಬಡಗಿಗಳು, ಒಡಿಶಾದ ಹೆಲ್ಪರುಗಳು, ಕಲಬುರಗಿಯ ಗಂಡಹೆಂಡತಿ. ಎಂಜಿನಿಯರ್ ಇಂಗ್ಲಿಷ್ ಹಾಳೆ ಹಿಡಿದು ತನ್ನ ಹರಕುಮುರುಕು ಹಿಂದಿಯಲ್ಲಿ ಓದುತ್ತಾರೆ. ‘ಸಮಝ್ ಗಯಾ?’ ‘ಹಾಂ ಸರ್.’ ರಿಜಿಸ್ಟರಿನಲ್ಲಿ ಸಹಿ, ಹೆಬ್ಬೆಟ್ಟು. ಕಾಗದದ ಮಟ್ಟಿಗೆ ಎಲ್ಲರೂ ತರಬೇತಾದರು. ಒಳ್ಳೆಯ ತರಬೇತುದಾರರು ಮ್ಯಾನೇಜರಿಗೆ ಇಲ್ಲಿ ಒಂದು ಸಣ್ಣ ಬದಲಾವಣೆ ಕಲಿಸುತ್ತಾರೆ: ‘ಅರ್ಥವಾಯಿತೇ’ ಎಂದು ಕೇಳಬೇಡಿ, ‘ಇವತ್ತು ನೀನು ಎಲ್ಲಿ ನಿಲ್ಲುತ್ತೀಯ, ತೋರಿಸು’ ಎನ್ನಿ. ತೋರಿಸುವಾಗ ಆತ ಕ್ರೇನಿನ ತೂಗುಭಾರದ ಕೆಳಗೇ ಹೋಗಿ ನಿಂತರೆ ಆ ಹತ್ತು ನಿಮಿಷ ಸಾರ್ಥಕ.

ಬಿದ್ದು ಸತ್ತವರ ಲೆಕ್ಕ ಪೊಲೀಸ್ ಠಾಣೆಯಲ್ಲಾದರೂ ಸಿಗುತ್ತದೆ. ದೂಳಿನಿಂದ ಸತ್ತವರದು ಸಿಗುವುದಿಲ್ಲ. ಗ್ರಾನೈಟು, ಟೈಲು, ಕಾಂಕ್ರೀಟನ್ನು ಒಣ ಬ್ಲೇಡಿನಲ್ಲಿ ಕೊಯ್ಯುವಾಗ ಏಳುವ ಬಿಳಿ ಮೋಡದಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಸಿಲಿಕಾ ಇರುತ್ತದೆ. ಶ್ವಾಸಕೋಶದ ಆಳಕ್ಕಿಳಿದು ಗಾಯದ ಕಲೆಯಾಗಿ ಉಳಿಯುತ್ತದೆ, ವಾಸಿಯಾಗುವುದಿಲ್ಲ. ಅಮೆರಿಕದ ನಿಯಮ ಎಂಟು ತಾಸಿನ ಪಾಳಿಗೆ ಒಂದು ಘನ ಮೀಟರ್ ಗಾಳಿಯಲ್ಲಿ 50 ಮೈಕ್ರೊಗ್ರಾಂಗಿಂತ ಹೆಚ್ಚು ಇರಬಾರದು ಎನ್ನುತ್ತದೆ. ಅಡುಗೆಮನೆಯ ಕಟ್ಟೆಗೆ ಈಗ ಫ್ಯಾಷನ್ನಾಗಿರುವ ಕೃತಕ ಕಲ್ಲಿನಲ್ಲಿ ಸಿಲಿಕಾ ಇನ್ನೂ ಹೆಚ್ಚು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನು ನಿಷೇಧಿಸಿಯೇಬಿಟ್ಟಿತು. ನಮ್ಮ ಟೈಲ್ಸ್ ಕೆಲಸದವರು ಮುಖಕ್ಕೆ ಟವೆಲ್ಲು ಸುತ್ತಿಕೊಳ್ಳುತ್ತಾರೆ. ಬ್ಲೇಡಿನ ಮೇಲೆ ಸಣ್ಣಗೆ ನೀರು ಬಿಟ್ಟರೆ ದೂಳು ಅಲ್ಲೇ ಕೆಸರಾಗಿ ಕೂರುತ್ತದೆ.

ಅದೇ ದೂಳು ಕಾಂಪೌಂಡು ದಾಟಿದರೆ ಇಲಾಖೆ ಬದಲಾಗುತ್ತದೆ, ಪರಿಸರ ಎಂಬ ಹೆಸರು ಬರುತ್ತದೆ. 2018ರ ಕೇಂದ್ರ ಅಧಿಸೂಚನೆಯಲ್ಲಿ ಕಟ್ಟಡದ ಎತ್ತರದ ಮೂರನೇ ಒಂದು ಪಾಲಿನಷ್ಟು, ಗರಿಷ್ಠ 10 ಮೀಟರ್, ಗಾಳಿತಡೆ ಕಟ್ಟಬೇಕು ಎಂದಿದೆ. ಸೈಟಿನ ಸುತ್ತ ಕಾಣುವ ಹಸಿರು ಪರದೆ ಅಂದಕ್ಕಲ್ಲ. ದಿನಕ್ಕೆ 20 ಟನ್ ಅಥವಾ ತಿಂಗಳಿಗೆ ಒಂದು ಯೋಜನೆಯಿಂದ 300 ಟನ್ನಿಗಿಂತ ಹೆಚ್ಚು ಕಟ್ಟಡ ತ್ಯಾಜ್ಯ ಹೊರಬೀಳುವುದಾದರೆ ಅದನ್ನು ಬೇರ್ಪಡಿಸಿ, ವಿಲೇವಾರಿ ಯೋಜನೆ ಒಪ್ಪಿಸಬೇಕು ಎಂದು 2016ರ ನಿಯಮ ಹೇಳಿತು. ರಾತ್ರಿ ಹನ್ನೊಂದರ ಮೇಲೆ ದೀಪ ಆರಿಸಿಕೊಂಡು ಕೆರೆಯಂಗಳದತ್ತ ಹೋಗುವ ಟಿಪ್ಪರು ಯಾವ ಯೋಜನೆಯ ಭಾಗ ಎಂದು ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ.

ಲಂಡನ್ನಿನ 2012ರ ಒಲಿಂಪಿಕ್ ಪಾರ್ಕು ಇದಕ್ಕೆ ತದ್ವಿರುದ್ಧ ಉದಾಹರಣೆ. ಹಳೇ ಕಾರ್ಖಾನೆಗಳ ಎಣ್ಣೆ, ಟಾರು, ಭಾರಲೋಹ ಕುಡಿದ ನೆಲ ಅದು. ಕೊಳೆ ಮಣ್ಣನ್ನು ಲಾರಿಗೆ ತುಂಬಿ ಬೇರೆಯವರ ಊರಿಗೆ ಕಳಿಸುವ ಬದಲು ಸೈಟಿನಲ್ಲೇ ತೊಳೆಯುವ ಘಟಕ ಹಾಕಿದರು. ಜನ ಅದನ್ನು ಮಣ್ಣಿನ ಆಸ್ಪತ್ರೆ ಎಂದರು. ಕೆಡವಿದ ಕಟ್ಟಡಗಳ ಅವಶೇಷದಲ್ಲಿ ಶೇ 90ಕ್ಕೂ ಹೆಚ್ಚು ಮರುಬಳಕೆಯಾಯಿತು. ಪಾರ್ಕು ಕಟ್ಟಿ ಮುಗಿಸುವ ತನಕ ಒಬ್ಬ ಕಾರ್ಮಿಕರೂ ಅಪಘಾತದಲ್ಲಿ ಸಾಯಲಿಲ್ಲ. ಮಣ್ಣು ತೊಳೆದದ್ದಕ್ಕೂ ಜನ ಸಾಯದೇ ಇದ್ದದ್ದಕ್ಕೂ ನೇರ ಸಂಬಂಧ ಕಲ್ಪಿಸುವುದು ಅತಿಯಾದೀತು. ಆದರೆ ಲಾರಿ ಓಡಾಟ ಕಡಿಮೆಯಾದ ಸೈಟಿನಲ್ಲಿ ಲಾರಿಯಡಿ ಸಿಗುವವರೂ ಕಡಿಮೆ ಎಂಬಷ್ಟನ್ನು ಧಾರಾಳವಾಗಿ ಹೇಳಬಹುದು.

ಇನ್ನು ಕೆಂಗೇರಿಯ ಹನ್ನೆರಡು ಜನರ ಸೈಟು. ಅಲ್ಲಿ ಸ್ಲೈಡು ತೋರಿಸುವವರಿಲ್ಲ, ಮಣ್ಣಿನ ಆಸ್ಪತ್ರೆಯೂ ಬರುವುದಿಲ್ಲ. ಆದರೂ ಬಲ್ಲ ಮೇಸ್ತ್ರಿಗಳು ಮಾಡುವ ಒಂದು ಕೆಲಸವಿದೆ. ತಾರಸಿಯ ಪಾತಿಗೆ ಸಂಸ್ಕರಿಸಿದ ನೀರಿನ ಟ್ಯಾಂಕರು ಹೇಳಿ, ಐದನೇ ದಿನ ಹಳೇ ನೀರನ್ನು ಪೊರಕೆಯಲ್ಲಿ ಗುಡಿಸಿ ಕೆಳಗಿನ ಗೋಡೆಗೆ ಹಾಯಿಸಿ, ತಕ್ಷಣ ಹೊಸದು ತುಂಬಿಸುತ್ತಾರೆ. ಆಮೇಲೆ ಕೆಳಗಿಳಿದು, ಜಾಕಿಗಳ ಕಾಡಿನ ನಡುವೆ ಬಗ್ಗಿ ಹೋಗಿ, ಎಲ್ಲರಿಗೂ ಕಾಣುವ ಕಂಬದ ಮೇಲೆ ಇದ್ದಿಲಿನಲ್ಲಿ ಮೋಲ್ಡ್ ಹಾಕಿದ ತಾರೀಖು ಬರೆಯುತ್ತಾರೆ: 12-6. ಅದರ ಕೆಳಗೆ ಇನ್ನೊಂದು: 26-6. ಬಿಹಾರದವರಿಗೂ ಕಲಬುರಗಿಯವರಿಗೂ ಈ ಅಂಕಿ ಓದಲು ಬರುತ್ತದೆ. ಮನೆ ಮಾಲೀಕರ ಫೋನು ಬಂದಾಗ ಮೇಸ್ತ್ರಿ ಉತ್ತರ ಕೊಡುವ ಮೊದಲು ತಿರುಗಿ ಆ ಕಂಬವನ್ನೇ ನೋಡುತ್ತಾರೆ.